ಮೆಟ್ಟಿಲು ತೊಳೆಯೋರು ಯಾರು? ಕೊಲೆಗಾರ ಕಾಮಿಕ್ ನಾಯಕನೊಬ್ಬ ಕಿರುತೆರೆಗೆ ಬಂದ ಪ್ರಕರಣ

ಕಾಮಿಕ್‌ನ ಮೂರನೇ ಸಂಚಿಕೆಯಲ್ಲಿ ಒಂದು ಪುಟವಿದೆ. ಪುಟದ ತುಂಬ ಒಂದೇ ಚಿತ್ರ. ನಾಲ್ಕು ಮಹಡಿಯ ಮೆಟ್ಟಿಲನ್ನು ಮೇಲಿಂದ ಬಗ್ಗಿ ನೋಡಿದಂತೆ ಬರೆದದ್ದು. ಸುತ್ತಿ ಸುತ್ತಿ ಇಳಿಯುವ ಕಬ್ಬಿಣದ ಕಂಬಿ, ಅಲ್ಲಲ್ಲಿ ಬಿದ್ದ ಹನ್ನೊಂದು ದೇಹ, ಎಲ್ಲಕ್ಕಿಂತ ಕೆಳಗೆ ಬೆನ್ನು ತೋರಿಸಿ ಬಾಗಿಲು ದಾಟುತ್ತಿರುವ ಒಬ್ಬ. ಮಾತಿಲ್ಲ, ಢಂ ಢಮಾರ್ ಎಂಬ ಅಕ್ಷರಗಳೂ ಇಲ್ಲ. ಹಿಂದಿನ ಪುಟದ ಕೊನೆಯ ಚೌಕದಲ್ಲಿ ಅವನು ನಾಲ್ಕನೇ ಮಹಡಿಯ ಬಾಗಿಲಿನ ಹಿಡಿ ತಿರುಗಿಸುತ್ತಿರುತ್ತಾನೆ. ನಡುವೆ ನಡೆದದ್ದನ್ನು ಯಾರೂ ಬರೆದಿಲ್ಲ. ಪುಟ ಮಗುಚುವಾಗ ಓದುಗನೇ ಅದನ್ನು ಮಾಡಿ ಮುಗಿಸಿರುತ್ತಾನೆ.

ಈ ಒಂದು ಪುಟವನ್ನು ಪರದೆಗೆ ತರಲು ಹೋಗಿ ಒಂದು ಬರಹಗಾರರ ತಂಡ ಒಂಬತ್ತು ತಿಂಗಳು ಒದ್ದಾಡಿತು. ನಾನು ಆ ತಂಡದಲ್ಲಿ ಕಥಾ ಸಂಪಾದಕನಾಗಿದ್ದೆ. ಕಾಮಿಕ್‌ನ ಹೆಸರು, ವಾಹಿನಿಯ ಹೆಸರು, ಜನರ ಹೆಸರು ಬರೆಯುವುದಿಲ್ಲ. ಕತೆಯ ಕೆಲವು ವಿವರಗಳನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ತೆಗೆದುಕೊಂಡ ನಿರ್ಧಾರಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ನಮ್ಮ ಮರ್ಯಾದೆ ಹೋಗುವಂಥವನ್ನೂ ಸೇರಿಸಿ.

ಹಿನ್ನೆಲೆ

ನಾಯಕ ಸೇನೆಯಲ್ಲಿ ವೈದ್ಯಕೀಯ ಸಹಾಯಕನಾಗಿದ್ದವನು. ಗುಂಡು ತಿಂದವರ ರಕ್ತ ನಿಲ್ಲಿಸುವುದು ಅವನ ಕಸುಬು. ನಕಲಿ ಔಷಧಿಯ ಜಾಲದಿಂದಾಗಿ ತಮ್ಮ ಸತ್ತ ಮೇಲೆ ಆ ಜಾಲದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೊಲ್ಲುತ್ತ ಹೋಗುತ್ತಾನೆ. ಪೊಲೀಸರ ಮೇಲೆ ನಂಬಿಕೆಯಿಲ್ಲ, ಕೋರ್ಟಿನ ಗೊಡವೆಯಿಲ್ಲ, ಪಶ್ಚಾತ್ತಾಪ ಅವನ ಜಾಯಮಾನದಲ್ಲೇ ಇಲ್ಲ. ಕಾಮಿಕ್ ಹೆಚ್ಚು ಮಾತಾಡುವುದಿಲ್ಲ. ಚೌಕದ ಮೂಲೆಯಲ್ಲಿ ಅವನ ಮನಸ್ಸಿನ ಮಾತು ಎರಡು ಸಾಲು ಬಂದರೆ ಹೆಚ್ಚು. ಅಭಿಮಾನಿಗಳು ಮರುಳಾದದ್ದು ಆ ಬಿಗಿಗೇ.

ತಂಡದಲ್ಲಿ ನಾವು ಐದು ಜನ. ಮುಖ್ಯ ಬರಹಗಾರ್ತಿ, ಇಬ್ಬರು ಬರಹಗಾರರು, ನಾನು, ಮತ್ತು ಎಲ್ಲರ ಮಾತನ್ನೂ ಟೈಪ್ ಮಾಡಿಕೊಳ್ಳುತ್ತ ಮೂಲೆಯಲ್ಲಿ ಕೂರುತ್ತಿದ್ದ ಸ್ಕ್ರಿಪ್ಟ್ ಕೋಆರ್ಡಿನೇಟರ್ ಹುಡುಗ. ಮೊದಲು ಒಂದು ಸಂಚಿಕೆ ಚಿತ್ರೀಕರಿಸಿ ತೋರಿಸಬೇಕು, ಒಪ್ಪಿಗೆಯಾದರೆ ಎಂಟು ಸಂಚಿಕೆ ಎಂಬುದು ಒಪ್ಪಂದ.

ಬರೆಯಲು ಶುರು ಮಾಡುವ ಮೊದಲು ಈ ದಾರಿಯಲ್ಲಿ ಹೋದವರನ್ನು ನೋಡೋಣವೆಂದು ಕೂತೆವು. ಹೆಚ್ಚು ಹೊತ್ತು ನಿಂತದ್ದು ಅಮೆರಿಕದ ಕಾಮಿಕ್‌ನ ಕೊಲೆಗಾರ ನಾಯಕ ಪನಿಶರ್ ಮುಂದೆ. ಎಡವಿದ್ದೂ ಆಮೇಲೆ ನೆಟ್ಟಗೆ ನಿಂತದ್ದೂ ಅಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಪನಿಶರ್, ಅಂದರೆ ಫ್ರಾಂಕ್ ಕ್ಯಾಸಲ್, ಮೊದಲು ಬಂದದ್ದು 1974ರ ಫೆಬ್ರವರಿಯ ಸ್ಪೈಡರ್‌ಮ್ಯಾನ್ ಕಾಮಿಕ್‌ನ 129ನೇ ಸಂಚಿಕೆಯಲ್ಲಿ, ಅದೂ ಸ್ಪೈಡರ್‌ಮ್ಯಾನ್‌ನನ್ನೇ ಕೊಲ್ಲಲು ಹೊರಟವನಾಗಿ. ಅಂದರೆ ಹುಟ್ಟುವಾಗಲೇ ಅವನು ಇನ್ನೊಬ್ಬನ ಕತೆಯೊಳಗಿನ ತೊಂದರೆ. ಸಿನಿಮಾಗಳು ಇದನ್ನು ಮರೆತವು. 1989, 2004, 2008ರಲ್ಲಿ ಮೂರು ಸಿನಿಮಾ, ಮೂರು ಬೇರೆ ಬೇರೆ ನಟರು. ಮೊದಲನೆಯದರಲ್ಲಿ ಅವನ ಗುರುತಾದ ಎದೆಯ ಮೇಲಿನ ತಲೆಬುರುಡೆಯ ಚಿಹ್ನೆಯನ್ನೇ ಕೈಬಿಟ್ಟರು. ಎರಡನೆಯದರಲ್ಲಿ ಅವನನ್ನು ಎಫ್‌ಬಿಐ ಅಧಿಕಾರಿ ಮಾಡಿ ಕತೆಯನ್ನು ಫ್ಲೋರಿಡಾಕ್ಕೆ ಒಯ್ದರು. ಮೂರರಲ್ಲೂ ಇವನೇ ನಡುಮಧ್ಯೆ. ಅವನನ್ನು ಪ್ರಶ್ನಿಸುವಷ್ಟು ತೂಕದ ಮನುಷ್ಯ ಎದುರಿಗೆ ಇರಲೇ ಇಲ್ಲ.

ಕಿರುತೆರೆಯವರು ಬೇರೆ ಬಾಗಿಲಿಂದ ಬಂದರು. 2016ರ ಮಾರ್ಚ್‌ನಲ್ಲಿ ಡೇರ್‌ಡೆವಿಲ್ ಎಂಬ ಇನ್ನೊಬ್ಬ ಕಾಮಿಕ್ ನಾಯಕನ ಸರಣಿಯ ಎರಡನೇ ಆವೃತ್ತಿಗೆ (ಸೀಸನ್‌ಗೆ) ಅವನನ್ನು ಅತಿಥಿಯಾಗಿ ಕರೆಸಿದರು. ಮೂರನೇ ಸಂಚಿಕೆಯಲ್ಲಿ ಕೊಲ್ಲಲೊಪ್ಪದ ನಾಯಕನನ್ನು ಇವನು ಮಹಡಿಯ ಮೇಲೆ ಸರಪಳಿ ಹಾಕಿ ಕಟ್ಟಿಹಾಕುತ್ತಾನೆ. ಸಂಚಿಕೆಯ ಬಹುಪಾಲು ಇಬ್ಬರ ವಾದ. ಮುಂದಿನ ಸಂಚಿಕೆಯಲ್ಲಿ ಗಾಯಗೊಂಡು ಸ್ಮಶಾನದ ಕಲ್ಲಿಗೆ ಒರಗಿ ಕೂತು, ಯುದ್ಧದಿಂದ ಮನೆಗೆ ಬಂದ ದಿನವನ್ನು ಹೇಳಿಕೊಳ್ಳುತ್ತಾನೆ. ಸ್ವಂತ ಸರಣಿ ಬಂದದ್ದು ಆಮೇಲೆ, 2017ರ ನವೆಂಬರ್‌ನಲ್ಲಿ. ಅದರ ಮೊದಲ ಸಂಚಿಕೆಯಲ್ಲೇ ಅವನು ತಲೆಬುರುಡೆಯ ಕವಚವನ್ನು ಬೆಂಕಿಗೆ ಹಾಕುತ್ತಾನೆ. ಸೇಡು ಮುಗಿದ ಮೇಲೆ ಈ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ? ಅವರು ಹಿಡಿದದ್ದು ಆ ಪ್ರಶ್ನೆಯನ್ನು. ಆ ಆವೃತ್ತಿ ಮುಗಿಯುವುದು ಮಾಜಿ ಸೈನಿಕರ ಆಪ್ತಸಮಾಲೋಚನೆಯ ಕುರ್ಚಿಗಳ ನಡುವೆ, ತನಗೆ ಭಯವಾಗುತ್ತಿದೆ ಎಂದು ಅವನು ಒಪ್ಪಿಕೊಳ್ಳುವಲ್ಲಿ.

ಇದನ್ನೆಲ್ಲ ನೋಡಿದೆವು, ಬೋರ್ಡ್ ತುಂಬ ಬರೆದುಕೊಂಡೆವು. ಆಮೇಲೆ ಹೋಗಿ ಪಾಠವನ್ನು ತಲೆಕೆಳಗಾಗಿ ಹಿಡಿದೆವು.

ಏಳನೇ ಕೊಲೆಗೆ ನಗು

ನಿರ್ದೇಶಕರಿಗೆ ತಲೆಗೆ ಹತ್ತಿದ್ದು ಬೇರೆಯದೇ ದೃಶ್ಯ. 2015ರ ಡೇರ್‌ಡೆವಿಲ್ ಮೊದಲ ಆವೃತ್ತಿಯ ಎರಡನೇ ಸಂಚಿಕೆಯ ಕೊನೆಯ ಹೊಡೆದಾಟ. ಉದ್ದನೆಯ ಕಾರಿಡಾರ್, ಕತ್ತರಿ ಕಾಣದ ಒಂದೇ ಶಾಟ್. ನಮ್ಮ ಮೆಟ್ಟಿಲು ಅದಕ್ಕೆಂದೇ ಹುಟ್ಟಿದ ಜಾಗವೆಂದು ಅವರು ತೀರ್ಮಾನಿಸಿದರು. ಹನ್ನೊಂದು ಜನ, ನಾಲ್ಕು ಮಹಡಿ, ನಾಲ್ಕು ನಿಮಿಷ, ಒಂದೇ ಟೇಕ್. ಫೈಟ್ ಮಾಸ್ಟರ್ ಮೂರು ವಾರ ತಾಲೀಮು ನಡೆಸಿದರು. ಹದಿನಾಲ್ಕನೇ ಟೇಕ್ ಓಕೆಯಾದಾಗ ಸೆಟ್‌ನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಪರೀಕ್ಷಾ ಪ್ರದರ್ಶನಕ್ಕೆ ಇಪ್ಪತ್ತೆರಡು ಜನರನ್ನು ಕೂರಿಸಿದ್ದೆವು. ಮೊದಲ ಮೂವರು ಬಿದ್ದಾಗ ಕೋಣೆ ಬಿಗಿಯಾಗಿತ್ತು. ಐದನೆಯವನಿಗೆ ಯಾರೋ ಶಿಳ್ಳೆ ಹೊಡೆದರು. ಏಳನೆಯವನು ಕಂಬಿಯ ಮೇಲಿಂದ ಉರುಳಿದಾಗ ಇಡೀ ಕೋಣೆ ನಕ್ಕಿತು. ಯಾರದೂ ಕ್ರೂರ ನಗುವಲ್ಲ. ಲಗೋರಿಯ ಕಲ್ಲು ಒಂದೊಂದೇ ಬೀಳುವಾಗ ಬರುತ್ತದಲ್ಲ, ಆ ಥರದ್ದು. ಒಂಬತ್ತಕ್ಕೆ ಜೋರಾಗಿ ಎಣಿಸತೊಡಗಿದರು. ಮುಖ್ಯ ಬರಹಗಾರ್ತಿ ಪಕ್ಕದಲ್ಲೇ ಕೂತಿದ್ದರು. ಅವರು ಪರದೆ ನೋಡುತ್ತಿರಲಿಲ್ಲ, ಜನರ ಮುಖ ನೋಡುತ್ತಿದ್ದರು.

ಬಂದ ಅಭಿಪ್ರಾಯಗಳು ಕೆಟ್ಟವಾಗಿರಲಿಲ್ಲ ಎನ್ನುವುದೇ ಕಷ್ಟಕ್ಕೆ ಬಂತು. ‘ಮಸ್ತ್ ಫೈಟ್’ ಎಂದು ಹಲವರು ಬರೆದಿದ್ದರು. ನಾಯಕನ ಬಗ್ಗೆ ಏನನಿಸಿತು ಎಂಬ ಪ್ರಶ್ನೆಯ ಕೆಳಗೆ ಅರ್ಧಕ್ಕರ್ಧ ಖಾಲಿ. ವಾಹಿನಿಯವರಿಗೆ ಖುಷಿ. ನಮ್ಮ ಕೋಣೆಯಲ್ಲಿ ಮಾತ್ರ ಸೂತಕದ ಕಳೆ.

ಕಾಮಿಕ್‌ನಲ್ಲಿ ನಗು ಬರದ ಜಾಗದಲ್ಲಿ ಪರದೆಯ ಮೇಲೆ ಯಾಕೆ ಬಂತು? ಎರಡು ಚೌಕಗಳ ನಡುವಿನ ಬಿಳಿ ಜಾಗದಲ್ಲಿ ಓದುಗನ ಕಲ್ಪನೆ ದುಡಿಯುತ್ತದೆ ಎಂಬುದನ್ನು ಕಾಮಿಕ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ ಕಾಮಿಕ್ ಕಲೆಯ ಬಗೆಗಿನ 1993ರ ತನ್ನ ಪುಸ್ತಕದಲ್ಲಿ ಒಂದು ಕೊಡಲಿಯ ಮೂಲಕ ತೋರಿಸಿದ್ದಾನೆ. ಒಂದು ಚೌಕದಲ್ಲಿ ಕೊಡಲಿ ಎತ್ತಿದವನು, ಮುಂದಿನದರಲ್ಲಿ ರಾತ್ರಿಯ ಊರು ಮತ್ತು ಒಂದು ಚೀತ್ಕಾರ. ಏಟು ಬಿದ್ದದ್ದು ಓದುಗನ ತಲೆಯೊಳಗೆ, ಆದ್ದರಿಂದ ಪಾಪದಲ್ಲಿ ಅವನಿಗೂ ಪಾಲು. ನಮ್ಮ ಒಂದೇ ಟೇಕ್ ಆ ಬಿಳಿ ಜಾಗವನ್ನು ಪೂರ್ತಿ ತುಂಬಿಬಿಟ್ಟಿತ್ತು. ನೋಡುವವನಿಗೆ ಮಾಡಲು ಏನೂ ಉಳಿದಿರಲಿಲ್ಲ, ಎಣಿಸುವುದೊಂದನ್ನು ಬಿಟ್ಟು.

ನಕಲು ಮಾಡುವಾಗಲೂ ತಪ್ಪು ಭಾಗವನ್ನೇ ಎತ್ತಿಕೊಂಡಿದ್ದೆವು. ಆ ಕಾರಿಡಾರ್ ಹೊಡೆದಾಟದ ಬೆಲೆ ಶಾಟಿನ ಉದ್ದದಲ್ಲಿಲ್ಲ. ಅಲ್ಲಿ ನಾಯಕ ದಣಿಯುತ್ತಾನೆ, ಗೋಡೆಗೆ ಒರಗುತ್ತಾನೆ, ಹೊಡೆಸಿಕೊಂಡವರು ಮತ್ತೆ ಎದ್ದು ಬರುತ್ತಾರೆ. ಅವನು ಅಲ್ಲಿಗೆ ಹೋದದ್ದೂ ಒಂದು ಮಗುವನ್ನು ಕರೆತರಲು. ನಾವು ಉದ್ದವನ್ನು ತಂದು ದಣಿವನ್ನು ಅಲ್ಲೇ ಬಿಟ್ಟಿದ್ದೆವು.

ಮೂರು ಪ್ರಯತ್ನ, ಮೂರೂ ನೀರಲ್ಲಿ ಹೋಮ

ಮೊದಲು ರಕ್ತ ಕಡಿಮೆ ಮಾಡಿ ನೋಡಿದೆವು. ಸಂಕಲನಕಾರರು ಏಟು ಬೀಳುವ ಕ್ಷಣಗಳನ್ನೆಲ್ಲ ಕತ್ತರಿಸಿ, ಒಂದೆರಡು ಕಡೆ ಪರದೆ ಕಪ್ಪಾಗಿಸಿ, ಸದ್ದು ತಗ್ಗಿಸಿ ಒಂದು ಆವೃತ್ತಿ ಕಟ್ಟಿದರು. ಅದು ಇನ್ನೂ ಹಗುರವಾಯಿತು. ಜನ ಬೀಳುತ್ತಿದ್ದರು, ನೋವು ಎಲ್ಲಿಯೂ ಇರಲಿಲ್ಲ. ರಕ್ತ ಮುಚ್ಚಿಟ್ಟರೆ ಹಿಂಸೆ ಸಭ್ಯವಾಗುತ್ತದೆ ಎಂದುಕೊಂಡಿದ್ದೆವು. ಆದದ್ದು ಬರೀ ಅಗ್ಗ.

ಎರಡನೆಯದು ನನ್ನದೇ ಸಲಹೆ, ಹೇಳಲು ಈಗ ನಾಚಿಕೆ. ಖಳರನ್ನು ಇನ್ನಷ್ಟು ಕೆಟ್ಟವರನ್ನಾಗಿಸೋಣ ಎಂದೆ. ಮೆಟ್ಟಿಲಿಗೆ ಮೊದಲು ಒಂದು ದೃಶ್ಯ ಸೇರಿಸಿದೆವು. ಆಸ್ಪತ್ರೆಯ ಮಕ್ಕಳ ವಾರ್ಡು, ನಕಲಿ ಔಷಧಿಯ ಬಾಟಲಿ, ಅದರ ಮುಂದೆ ಕೂತು ದುಡ್ಡು ಎಣಿಸುತ್ತ ನಗುವವನು. ಓದಿದಾಗ ಎಲ್ಲರ ರಕ್ತವೂ ಕುದಿಯಿತು, ನಿಜ. ಆದರೆ ಆಮೇಲೆ ಮೆಟ್ಟಿಲಿನ ಮೇಲೆ ಯಾರಿಗೂ ಪ್ರಶ್ನೆಯೇ ಉಳಿಯಲಿಲ್ಲ. ಕೊಲ್ಲುವುದು ಸರಿಯೆಂದು ನಾವೇ ಷರಾ ಬರೆದು ಮೊಹರು ಒತ್ತಿದ ಮೇಲೆ ನಾಯಕನಿಗೆ ಉಳಿದದ್ದು ಜಾರಿ ಮಾಡುವ ಗುಮಾಸ್ತನ ಕೆಲಸ. “ಇದು ಅವನ ಕತೆಯಲ್ಲ, ನಮ್ಮ ಕೋಪದ ಕತೆ” ಎಂದು ಮುಖ್ಯ ಬರಹಗಾರ್ತಿ ಹಾಳೆಗಳನ್ನು ಪಕ್ಕಕ್ಕಿಟ್ಟರು.

ಮೂರನೆಯದು ಹಿನ್ನೆಲೆ ಧ್ವನಿ. ಕಾಮಿಕ್‌ನ ಮೂಲೆಯ ಸಾಲುಗಳನ್ನು ಯಥಾವತ್ತಾಗಿ ನಟನಿಂದ ಓದಿಸಿದೆವು. ಒಳ್ಳೆಯ ನಟ, ಒಳ್ಳೆಯ ಕಂಠ. ಅಚ್ಚಿನಲ್ಲಿ ಕಲ್ಲಿನಂತೆ ಕೂತಿದ್ದ ಮಾತು ಬಾಯಲ್ಲಿ ಬಡಾಯಿಯಾಗಿ ಕೇಳಿಸಿತು. ಓದುವಾಗ ಆ ಸಾಲು ನಮ್ಮದೇ ಒಳದನಿಯಲ್ಲಿ ಬರುತ್ತದೆ. ಕೇಳುವಾಗ ಒಬ್ಬ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿರುತ್ತಾನೆ, ಅದೂ ಕೊಲೆ ಮಾಡುತ್ತ. ಆದರೆ ಧ್ವನಿ ತೆಗೆದರೆ ಅವನೊಳಗೆ ಏನಿದೆಯೆಂದು ತಿಳಿಯುವ ದಾರಿಯೇ ಇಲ್ಲ. ಸತ್ತ ತಮ್ಮನ ನೆನಪಿನ ಫ್ಲ್ಯಾಶ್‌ಬ್ಯಾಕ್‌ಗಳೂ ಇದ್ದವು. ಚಿನ್ನದ ಬಿಸಿಲು, ನಿಧಾನದ ಓಟ. ಅವುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ನೀವೂ ನೂರು ಕಡೆ ನೋಡಿದ್ದೀರಿ.

ಬಕೆಟ್

ತಿರುವು ಬಂದದ್ದು ಕೋಆರ್ಡಿನೇಟರ್ ಹುಡುಗನಿಂದ. ಐದು ತಿಂಗಳು ಬಾಯಿ ಬಿಡದೆ ಟೈಪ್ ಮಾಡಿದವನು ಒಂದು ಸಂಜೆ, ಎಲ್ಲರೂ ಎದ್ದು ಹೊರಡುವಾಗ ಕೇಳಿದ: “ಮೇಡಂ, ಆ ಮೆಟ್ಟಿಲು ತೊಳೆಯೋರು ಯಾರು?”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವನು ಕಾಮಿಕ್ ತೆಗೆದು ಆ ದೊಡ್ಡ ಪುಟದ ಮಗ್ಗುಲಿನ ಪುಟ ತೋರಿಸಿದ. ಕೆಳಗಿನ ಬಲಮೂಲೆಯಲ್ಲಿ ಹೆಬ್ಬೆರಳಷ್ಟು ಒಂದು ಚೌಕ. ಬಕೆಟ್, ಒದ್ದೆ ಬಟ್ಟೆ ಸುತ್ತಿದ ಕೋಲು, ಕೋಲು ಹಿಡಿದ ಒಂದು ಕೈ. ಕೈ ವಯಸ್ಸಾದ ಹೆಂಗಸಿನದು. ಮುಂದೆ ಎಲ್ಲಿಯೂ ಅವಳಿಲ್ಲ. ನಾವು ಆ ಕಾಮಿಕ್ ಎಷ್ಟು ಸಲ ಓದಿದ್ದೆವೋ ಲೆಕ್ಕವಿಲ್ಲ. ಒಬ್ಬರೂ ಅಲ್ಲಿ ನಿಂತಿರಲಿಲ್ಲ.

ಮುಖ್ಯ ಬರಹಗಾರ್ತಿ ಮತ್ತೆ ಕೂತರು. ಆ ರಾತ್ರಿ ಹನ್ನೊಂದರವರೆಗೆ ಎದ್ದ ಪ್ರಶ್ನೆಗಳೆಲ್ಲ ಮನೆಗೆಲಸದವು. ನಾಲ್ಕು ಮಹಡಿ ತೊಳೆಯಲು ಎಷ್ಟು ಬಕೆಟ್ ನೀರು ಬೇಕು? ಲಿಫ್ಟ್ ಕೆಟ್ಟಿದ್ದರೆ ಹೊರುವವರು ಯಾರು? ಮೆಟ್ಟಿಲಿನ ಅಂಚಿನ ಲೋಹದ ಪಟ್ಟಿಯ ಕೆಳಗೆ ಇಳಿದದ್ದನ್ನು ತೆಗೆಯುವುದು ಹೇಗೆ? ಬಿಸಿನೀರು ಹಾಕಿದರೆ ರಕ್ತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ತಣ್ಣೀರೇ ಬೇಕು. ಅದು ಅವಳಿಗೆ ಗೊತ್ತಿರುತ್ತದೆ. ವೈದ್ಯಕೀಯ ಸಹಾಯಕನಾಗಿದ್ದ ಅವನಿಗೂ ಗೊತ್ತಿರುತ್ತದೆ. ಇಬ್ಬರಿಗೂ ಗೊತ್ತಿರುವ ಒಂದು ಸಂಗತಿ ಸಿಕ್ಕಿತಲ್ಲ, ಅಷ್ಟು ಸಾಕಾಯಿತು.

ಎರಡನೇ ಸಂಚಿಕೆ ಹಾಗೆ ಹುಟ್ಟಿತು. ಪೊಲೀಸರು ಬಂದು ಹೋದ ಮೇಲಿನ ಬೆಳಗಿನ ಜಾವ, ಬಿಟ್ಟುಹೋದ ಒಂದು ವಸ್ತುವಿಗಾಗಿ ಅವನು ಕಟ್ಟಡಕ್ಕೆ ಮರಳುತ್ತಾನೆ. ಅವಳು ಮೆಟ್ಟಿಲು ತೊಳೆಯುತ್ತಿದ್ದಾಳೆ. ಅವನಾರೆಂದು ಕೈ ನೋಡಿಯೇ ಅವಳಿಗೆ ತಿಳಿಯುತ್ತದೆ, ಗೆಣ್ಣುಗಳು ಸುಲಿದಿವೆ. ಕಿರುಚುವುದಿಲ್ಲ, ಬೈಯುವುದಿಲ್ಲ, ಉಪದೇಶವಂತೂ ಇಲ್ಲವೇ ಇಲ್ಲ. “ನೀರು ತಗೊಂಡ್ ಬಾ, ಮೊಣಕಾಲು ನೋಯ್ತದೆ” ಎಂದು ಬಕೆಟ್ ಅವನ ಕಡೆ ತಳ್ಳುತ್ತಾಳೆ. ಅವನು ಹೊರುತ್ತಾನೆ. ಹತ್ತಿರಹತ್ತಿರ ಏಳು ನಿಮಿಷ ಅಷ್ಟೇ: ನೀರು ಹೊರುವುದು, ಸುರಿಯುವುದು, ಉಜ್ಜುವುದು, ಕೆಂಪಾದ ನೀರನ್ನು ಕೆಳಗೆ ಒಯ್ದು ಚೆಲ್ಲುವುದು. ಹಿನ್ನೆಲೆ ಧ್ವನಿ ಹೇಳಲಾರದೆ ಹೋದದ್ದು ನಾಲ್ಕನೇ ಸಲ ಬಕೆಟ್ ಹೊತ್ತು ಹತ್ತುವ ಆ ಬೆನ್ನಿನಲ್ಲಿ ಕಂಡಿತು. ಎರಡು ಸಂಚಿಕೆ ಬಿಟ್ಟರೆ ಅವಳು ಸರಣಿಯುದ್ದಕ್ಕೂ ಉಳಿದಳು. ಕೊನೆಯವರೆಗೂ ಅವನನ್ನು ಕ್ಷಮಿಸಲಿಲ್ಲ. ಕ್ಷಮಿಸಬೇಕೆಂದು ವಾಹಿನಿಯವರು ಎರಡು ಸಲ ಹೇಳಿಕಳಿಸಿದ್ದರು.

ಹಣೆಯ ಮೇಲಿನ ಸಮಯ

ಬಕೆಟ್ ದೃಶ್ಯ ಬಂದ ಮೇಲೆ ಹೊಡೆದಾಟ ಹಳೆಯ ಹಾಗೆ ಇರಲು ಸಾಧ್ಯವಿರಲಿಲ್ಲ. ತೊಳೆಯಬೇಕಾದದ್ದನ್ನು ಚೆಲ್ಲುವ ಮೊದಲು ಲೆಕ್ಕ ಹಾಕಬೇಕಲ್ಲ. ಮರುಚಿತ್ರೀಕರಣಕ್ಕೆ ನಮಗೆ ಸಿಕ್ಕದ್ದು ನಾಲ್ಕು ದಿನ. ಫೈಟ್ ಮಾಸ್ಟರ್‌ಗೆ ಹೇಳುವುದು ಹೇಗೆಂದು ನಾವು ತಡವರಿಸುತ್ತಿದ್ದರೆ ಅವರೇ ಅಂದರು: “ಹನ್ನೊಂದು ಜನ ಬೇಡ ಮೇಡಂ. ನಾಲ್ಕು ಸಾಕು. ಆದ್ರೆ ನಾಲ್ಕೂ ಜನಕ್ಕೆ ಬದುಕೋ ಆಸೆ ಇರ್ಬೇಕು.” ಮೂರು ವಾರದ ತಾಲೀಮನ್ನು ಕಸದ ಬುಟ್ಟಿಗೆ ಹಾಕುವ ಮಾತು ಅವರ ಬಾಯಿಂದಲೇ ಬಂದದ್ದಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಹೊಸ ಹೊಡೆದಾಟ ಒಂದು ನಿಮಿಷ ಐವತ್ತು ಸೆಕೆಂಡ್. ನಾಯಕ ಕಂಬಿ ಹಿಡಿದು ಉಸಿರು ಎಳೆದುಕೊಳ್ಳುತ್ತಾನೆ. ಒಬ್ಬ ಓಡಿಹೋಗುತ್ತಾನೆ, ಅವನನ್ನು ಬೆನ್ನಟ್ಟುವ ತ್ರಾಣ ಇವನಿಗಿಲ್ಲ. ಇಬ್ಬರು ಸಾಯುತ್ತಾರೆ. ಉಳಿದ ಇನ್ನೊಬ್ಬ, ಇಪ್ಪತ್ತರ ಆಸುಪಾಸಿನವನು, ತೊಡೆಗೆ ಗುಂಡು ತಿಂದು ಮೆಟ್ಟಿಲ ಮೇಲೆ ಕೂತು ಬಿದ್ದುಹೋದ ತನ್ನ ಒಂದು ಬೂಟನ್ನು ಹುಡುಕುತ್ತಿರುತ್ತಾನೆ. ಗಾಬರಿಯಲ್ಲಿ ಮನುಷ್ಯ ಹಾಗೇ ಮಾಡುತ್ತಾನೆ, ಕಾಲಿನ ಗಾಯ ಬಿಟ್ಟು ಬೂಟು ಹುಡುಕುತ್ತಾನೆ.

ಇಲ್ಲಿ ಜಗಳ ಎದ್ದಿತು. ವೈದ್ಯಕೀಯ ಸಹಾಯಕನಾಗಿದ್ದವನ ಎದುರು ರಕ್ತ ಸೋರುತ್ತಿದೆ, ಅವನೇನು ಮಾಡುತ್ತಾನೆ? ಕಾಮಿಕ್‌ನ ನಾಯಕನಾದರೆ ದಾಟಿ ಹೋಗುತ್ತಾನೆ. ವಾಹಿನಿಯ ಕಡೆಯ ಕಾರ್ಯನಿರ್ವಾಹಕರು “ಉಳಿಸಲಿ ಬಿಡಿ, ಜನಕ್ಕೆ ಇಷ್ಟ ಆಗ್ತಾನೆ” ಎಂದರು. ಮುಖ್ಯ ಬರಹಗಾರ್ತಿಯ ಉತ್ತರ ನನ್ನ ನೋಟ್‌ಬುಕ್ಕಿನಲ್ಲಿದೆ: “ಇಷ್ಟ ಆಗೋದು ಬೇಡ ಸರ್. ಅವನನ್ನ ಬಿಟ್ಟು ಎದ್ದು ಹೋಗೋಕೆ ಆಗಬಾರದು, ಅಷ್ಟೇ.”

ದಾರಿ ತೋರಿಸಿದ್ದು ಅವನ ಕಸುಬು. ಕೈಕಾಲಿನ ಗಾಯದಿಂದ ರಕ್ತ ನಿಲ್ಲದೆ ಹರಿಯುವಾಗ ಗಾಯಕ್ಕಿಂತ ಮೇಲೆ ಬಿಗಿಪಟ್ಟಿ (ಟೂರ್ನಿಕೆಟ್) ಸುತ್ತಿ, ಅದಕ್ಕೆ ಸಿಕ್ಕಿಸಿದ ಕಡ್ಡಿಯನ್ನು ರಕ್ತ ನಿಲ್ಲುವ ತನಕ ತಿರುವುತ್ತಾರೆ. ಕಟ್ಟಿದ ಸಮಯವನ್ನು ಪಟ್ಟಿಯ ಮೇಲೋ ಗಾಯಾಳುವಿನ ಹಣೆಯ ಮೇಲೋ ಬರೆಯುವುದು ಯುದ್ಧಭೂಮಿಯ ವೈದ್ಯದ ರೂಢಿ. ಎರಡು ಗಂಟೆ ದಾಟಿದರೆ ನರ, ಸ್ನಾಯು ಹಾಳಾಗುವ ಭಯವಿರುವುದರಿಂದ ಮುಂದೆ ನೋಡುವ ಡಾಕ್ಟರಿಗೆ ಆ ಲೆಕ್ಕ ಬೇಕು. ನಮ್ಮ ನಾಯಕ ಬಿಗಿಪಟ್ಟಿ ಕಟ್ಟುತ್ತಾನೆ. ಕಟ್ಟುತ್ತಲೇ ತನಗೆ ಬೇಕಾದ ಒಂದು ಹೆಸರು ಕೇಳುತ್ತಾನೆ. ಹುಡುಗ ಬಾಯಿಬಿಡದಿದ್ದಾಗ ತಿರುವುವ ಕೈ ನಿಲ್ಲುತ್ತದೆ. ಹೆಸರು ಬಂದ ಮೇಲೆ ಕೈ ಮತ್ತೆ ತಿರುವುತ್ತದೆ. ಕೊನೆಗೆ ಮಾರ್ಕರ್ ತೆಗೆದು ಹಣೆಯ ಮೇಲೆ ‘ಟಿ 21:40’ ಎಂದು ಬರೆದು ಇಳಿದು ಹೋಗುತ್ತಾನೆ. ಆಂಬುಲೆನ್ಸ್ ಕರೆಯುವುದಿಲ್ಲ.

ದಯೆಯೂ ಹಿಂಸೆಯೂ ಒಂದೇ ಕೈಯ ಒಂದೇ ತಿರುವಿನಲ್ಲಿ. ಈ ನಲವತ್ತು ಸೆಕೆಂಡಿನಲ್ಲಿ ಒಬ್ಬನೂ ಸಾಯುವುದಿಲ್ಲ. ಎರಡನೇ ಪರೀಕ್ಷಾ ಪ್ರದರ್ಶನದಲ್ಲಿ ಜನ ಕುರ್ಚಿಯಲ್ಲಿ ಹೊರಳಾಡಿದ್ದು ಇಲ್ಲೇ.

ಆ ಬರಹ ಮುಂದಿನ ಕತೆಗೂ ಬೀಗದ ಕೈಯಾಯಿತು. ಹಣೆಯ ಮೇಲೆ ಸಮಯ ಬರೆದವನು ಸೇನೆಯ ವೈದ್ಯಕೀಯ ತರಬೇತಿ ಪಡೆದವನೇ ಇರಬೇಕೆಂದು ತನಿಖಾಧಿಕಾರಿಗೆ ಮೂರನೇ ಸಂಚಿಕೆಯಲ್ಲಿ ಹೊಳೆಯುತ್ತದೆ. ಅಂದರೆ ಅವನು ಸಿಕ್ಕಿಬೀಳುವುದು ಉಳಿಸಿದ್ದರಿಂದ. ಇದನ್ನು ಮೊದಲೇ ಯೋಜಿಸಿದ್ದೆವೆಂದು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದೇವೆ. ಸುಳ್ಳು. ಬರೆಯುತ್ತ ಬರೆಯುತ್ತ ಕೈಗೆ ಸಿಕ್ಕದ್ದು.

ಐದನೇ ಸಂಚಿಕೆಯಲ್ಲಿ ಆ ಹುಡುಗ ಮತ್ತೆ ಬರುತ್ತಾನೆ, ಒಂದು ಕಾಲು ಕಳೆದುಕೊಂಡು. ತೊಳೆಯುವ ಹೆಂಗಸು ಅವನ ಬೂಟನ್ನು ತೆಗೆದಿಟ್ಟಿರುತ್ತಾಳೆ. ಹೋದ ಕಾಲಿನದೇ ಬೂಟು ಅದು. ಇದು ಸ್ವಲ್ಪ ಅತಿಯಾಯಿತೆಂದು ನನಗೆ ಈಗಲೂ ಅನಿಸುತ್ತದೆ. ಇಂಥ ಜೋಡಣೆಗೆ ಬಾಯಲ್ಲಿ ನೀರೂರುವುದು ಬರಹಗಾರರ ಕೋಣೆಯ ಹಳೆಯ ಚಪಲ.

ಏನಾಯಿತು

ಎರಡನೇ ಪ್ರದರ್ಶನಕ್ಕೆ ಹೊಸಬರನ್ನೇ ಕರೆದಿದ್ದೆವು. ಯಾರೂ ಎಣಿಸಲಿಲ್ಲ. ಬಕೆಟ್ ದೃಶ್ಯದಲ್ಲಿ ಇಬ್ಬರು ಫೋನ್ ತೆಗೆದು ನೋಡಿದರು, ಅದನ್ನೂ ದಾಖಲಿಸಬೇಕು. ನಾಯಕನ ಬಗೆಗಿನ ಪ್ರಶ್ನೆಯ ಕೆಳಗೆ ಈ ಸಲ ಜನ ಹಾಳೆಯ ಹಿಂಬದಿಯಲ್ಲೂ ಬರೆದಿದ್ದರು. ಒಬ್ಬರ ಬರಹ ಮಾತ್ರ ನೆನಪಿದೆ: ‘ಅವನು ನನಗೆ ಹಿಡಿಸಲಿಲ್ಲ, ಮುಂದಿನ ಸಂಚಿಕೆ ಯಾವಾಗ?’

ಕಾಮಿಕ್‌ನ ಹಳೆಯ ಅಭಿಮಾನಿಗಳು ಕೆರಳಿದರು. ಹನ್ನೊಂದು ಹೆಣ ನಾಲ್ಕು ಜನರಾದದ್ದು, ಅದರಲ್ಲಿ ಸತ್ತವರು ಇಬ್ಬರೇ ಎಂಬುದು ಅವರ ಲೆಕ್ಕದಲ್ಲಿ ಹೇಡಿತನ. ಅವರ ದೂರಿನಲ್ಲಿ ಹುರುಳಿತ್ತು. ಆ ದೊಡ್ಡ ಪುಟದ ಮೌನ, ಮೇಲಿಂದ ಬಗ್ಗಿ ನೋಡುವಾಗ ಹೊಟ್ಟೆಯಲ್ಲಿ ಆಗುವ ತಳಮಳ ನಮ್ಮ ಸರಣಿಯಲ್ಲಿ ಎಲ್ಲಿಯೂ ಇಲ್ಲ. ಅದಕ್ಕೆ ಸಮನಾದದ್ದನ್ನು ಕೊಟ್ಟೆವು ಎನ್ನಬಹುದು, ಅದನ್ನೇ ಕೊಟ್ಟೆವು ಎನ್ನಲಾಗದು. ಕಾಮಿಕ್‌ನ ಲೇಖಕರಲ್ಲೊಬ್ಬರು ನೋಡಿ ಒಂದೇ ಸಾಲಿನ ಸಂದೇಶ ಕಳಿಸಿದರು. ಆ ಕೈಯ ಚೌಕವನ್ನು ಚಿತ್ರಕಾರ ಜಾಗ ತುಂಬಲು ಬರೆದದ್ದಂತೆ.

ಸೋತದ್ದು ಬೇರೆ ಕಡೆ. ಎಂಟು ಸಂಚಿಕೆಯ ಕತೆಗೆ ಹತ್ತು ಸಂಚಿಕೆಯ ಆದೇಶ ಬಂತು, ನಾವು ಬೇಡವೆನ್ನಲಿಲ್ಲ. ಪನಿಶರ್‌ನ ಎರಡೂ ಆವೃತ್ತಿ ಹದಿಮೂರು ಹದಿಮೂರು ಸಂಚಿಕೆಯವು, ಅಲ್ಲಿ ನಡುವೆ ಕತೆ ಏದುಸಿರು ಬಿಡುವುದನ್ನು ನಾವೇ ಬೋರ್ಡಿನ ಮೇಲೆ ಬರೆದಿದ್ದೆವು. ಆದರೂ ಅದೇ ಹಳ್ಳಕ್ಕೆ ಬಿದ್ದೆವು. ಆರು, ಏಳನೇ ಸಂಚಿಕೆಗಳಲ್ಲಿ ನಾಯಕನಿಗೆ ಮಾಡಲು ಕೆಲಸವಿಲ್ಲ. ಕೆಲಸವಿಲ್ಲದಾಗ ಅವನು ಯಾರನ್ನಾದರೂ ಹೊಡೆಯುತ್ತಾನೆ. ತೊಳೆಯುವ ಹೆಂಗಸು ಆ ಎರಡರಲ್ಲಿ ಇಲ್ಲ. ಕಾಕತಾಳೀಯವೇನಲ್ಲ.

ಚಿಹ್ನೆಯ ಮಾತು

ಇನ್ನೊಂದು ನಿರ್ಧಾರದ ಬಗ್ಗೆ ಬರೆಯದಿದ್ದರೆ ಈ ವರದಿ ಪ್ರಾಮಾಣಿಕವಾಗುವುದಿಲ್ಲ. ಪನಿಶರ್‌ನ ತಲೆಬುರುಡೆಯನ್ನು ಅಮೆರಿಕದ ಸೈನಿಕರು, ಪೊಲೀಸರು ತಮ್ಮ ಉಡುಪು, ವಾಹನಗಳ ಮೇಲೆ ಅಂಟಿಸಿಕೊಂಡ ಕತೆ ನಮಗೆ ಗೊತ್ತಿತ್ತು. ಪಾತ್ರವನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಜೆರ್ರಿ ಕಾನ್ವೇ ಅದನ್ನು ಬಹಿರಂಗವಾಗಿಯೇ ಖಂಡಿಸಿದ್ದರು. 2019ರ ಒಂದು ಕಾಮಿಕ್ ಸಂಚಿಕೆಯಲ್ಲಿ ಫ್ರಾಂಕ್ ಕ್ಯಾಸಲ್‌ನೇ, ತನ್ನನ್ನು ಮೆಚ್ಚುವ ಪೊಲೀಸರ ವಾಹನದ ಮೇಲಿನ ಬುರುಡೆಯ ಸ್ಟಿಕರ್ ಹರಿದುಹಾಕುತ್ತಾನೆ. 2022ರಲ್ಲಿ ಕಾಮಿಕ್‌ನಲ್ಲಿ ಚಿಹ್ನೆಯನ್ನೇ ಬದಲಿಸಿದರು. ಇದನ್ನೆಲ್ಲ ಓದಿದ ನಾವು ನಮ್ಮ ನಾಯಕನಿಗೆ ಚಿಹ್ನೆಯೇ ಬೇಡವೆಂದು ಮೊದಲ ವಾರದಲ್ಲೇ ತೀರ್ಮಾನಿಸಿದ್ದೆವು. ಅಂಗಿ ಬೂದು, ಜಾಕೆಟ್ ಬೂದು, ಎದೆ ಖಾಲಿ.

ಪೋಸ್ಟರ್ ಮಾಡುವ ಹೊತ್ತಿಗೆ ಪ್ರಚಾರ ವಿಭಾಗದವರು ಮೆಟ್ಟಿಲ ದೃಶ್ಯ ನೋಡಿ ಬಂದರು. ಕಪ್ಪು ಹಿನ್ನೆಲೆ, ಅರ್ಧ ಮುಖ, ಹಣೆಯ ಮೇಲೆ ‘ಟಿ 21:40’. ಪೋಸ್ಟರ್ ನಿಜಕ್ಕೂ ಚೆನ್ನಾಗಿತ್ತು. ಮುಖ ಮಾತ್ರ ಆ ಹುಡುಗನದಲ್ಲ, ನಾಯಕನದು. ಬರೆದವನ ಹಣೆಗೇ ಬರಹ ಹೋಗಿತ್ತು. ಮುಖ್ಯ ಬರಹಗಾರ್ತಿ ಒಂದು ಇಮೇಲ್‌ನಲ್ಲಿ ಆಕ್ಷೇಪಿಸಿದರು. ಆಗ ನಾವೆಲ್ಲ ಕೊನೆಯ ಸಂಚಿಕೆಯ ಸಂಕಲನದಲ್ಲಿ ಮುಳುಗಿದ್ದೆವು. ಎರಡನೇ ಇಮೇಲ್ ಯಾರೂ ಬರೆಯಲಿಲ್ಲ. ಚಿಹ್ನೆ ಬೇಡವೆಂದು ಕೂತಿದ್ದ ನಮಗೆ ಅದು ಹಿತ್ತಿಲ ಬಾಗಿಲಿನಿಂದ ಬಂದದ್ದು ಗೊತ್ತಾಗಲೇ ಇಲ್ಲ.

ಸರಣಿ ಬಂದು ಕೆಲವು ತಿಂಗಳ ಮೇಲೆ ಒಂದು ಅಭಿಮಾನಿ ಮೇಳಕ್ಕೆ ಹೋಗಿದ್ದೆವು. ಸಹಿಗಾಗಿ ನಿಂತ ಸಾಲಿನಲ್ಲಿ ಹಣೆಯ ಮೇಲೆ ಮಾರ್ಕರ್‌ನಿಂದ ಸಮಯ ಬರೆದುಕೊಂಡ ಏಳೆಂಟು ಜನ. ಮುಂದೆ ಬಂದವನ ಹಣೆಯಲ್ಲಿ 21:40 ಇರಲಿಲ್ಲ, ಬೇರೇನೋ ಇತ್ತು. ಮುಖ್ಯ ಬರಹಗಾರ್ತಿ ಪೆನ್ ಹಿಡಿದೇ ಅವನನ್ನು ಒಂದು ಕ್ಷಣ ನೋಡಿದರು.

“ಇದು ಯಾವ ಸಮಯಪ್ಪ?”

“ನನ್ ಬರ್ತ್‌ಡೇ ಮೇಡಂ,” ಎಂದ ಅವನು ನಗುತ್ತ, “ಹನ್ನೆರಡು ಇಪ್ಪತ್ತು.”

ಅವರು ಸಹಿ ಹಾಕಿ ಪುಸ್ತಕ ಮರಳಿಸಿದರು. ಆಮೇಲೆ ಮೇಜಿನ ಕೆಳಗಿನ ನೀರಿನ ಬಾಟಲಿ ತೆಗೆದು, ಟಿಶ್ಯೂ ಒದ್ದೆ ಮಾಡಿ ಅವನ ಕಡೆ ಚಾಚಿದರು. ಅವನಿಗೆ ಅದು ಯಾಕೆಂದು ತಿಳಿಯಲಿಲ್ಲ. ಬೆರಳಿಗೆ ಹತ್ತಿದ್ದ ಮಸಿ ಒರೆಸಿಕೊಂಡು, ಥ್ಯಾಂಕ್ಸ್ ಹೇಳಿ ಹೋದ.